ಎತ್ತದೆ ಉಳಿದ ಕೈ

ಜೂನ್ ೯

ಮಗಳೇ,

ಪರದೆ ಎದ್ದಿದೆ! ದೀಪ ಬೆಳಗಿದೆ! ರಂಗದ ನಟ್ಟನಡುವೆ ನಿನ್ನ ಅಪ್ಪ ನಿಂತಿದ್ದಾನೆ. ಕೈಯಲ್ಲಿ ಇಂದು ಕತ್ತಿಯಿಲ್ಲ, ಪೆನ್ನು ಇದೆ. ಆದರೂ ಹುಷಾರಾಗಿರು.

ನಿನ್ನ ಸೋದರತ್ತೆ ನಿನ್ನೆ ನಮ್ಮ ಕ್ಯಾಂಪಿಗೆ ನಾಟಕ ನೋಡಲು ಬಂದಿದ್ದಳು. ಆಟ ಮುಗಿಸಿ ನಾನು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಪಕ್ಕದ ಟ್ರಂಕಿನ ಮೇಲೆ ಕುಳಿತು, ಬಲು ಸಲೀಸಾಗಿ, "ಅಲ್ಲಣ್ಣಾ, ನಿನ್ ಮಗಳು ಹೋದ ಭಾನುವಾರ ಒಬ್ಬ ದೈತ್ಯನಂಥ ಆಟಗಾರನನ್ನ ಮೈದಾನದಿಂದ ಹೊರಗೆ ಕಳಿಸಿದ್ಳಂತೆ, ಕೇಳಿದ್ಯಾ?" ಅಂದಳು. ಎಣ್ಣೆಬಟ್ಟೆ ನನ್ನ ಕೈಯಿಂದ ಜಾರಿತು. ಅರ್ಧ ಮುಖ ರಾಕ್ಷಸ, ಅರ್ಧ ಮುಖ ನಿನ್ನ ಅಪ್ಪ. "ಯಾವ ಮಗಳು? ಯಾವ ಮೈದಾನ?" ಎಂದು ಗುಡುಗಿದೆ. ಆಕೆ ಹೆದರಲಿಲ್ಲ. ನನ್ನ ಗುಡುಗಿಗೆ ಹೆದರದವರು ಈ ಲೋಕದಲ್ಲಿ ಇಬ್ಬರೇ, ಒಬ್ಬಳು ಅವಳು, ಇನ್ನೊಬ್ಬಳು ನೀನು. "ಆರು ವರ್ಷದಿಂದ ಫುಟ್‌ಬಾಲ್ ರೆಫರಿ ಅವಳು. ನಿನಗೆ ಹೇಳೇ ಇಲ್ವಾ?" ಅಂದಳು.

ಆರು ವರ್ಷ! ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನನ್ನ ಮಗಳು ಭಾನುವಾರವಾದರೆ ಸೀಟಿ ಊದುತ್ತಾಳೆ, ಗಂಡಸರ ಮುಖಕ್ಕೆ ಕಾರ್ಡು ಹಿಡಿಯುತ್ತಾಳೆ, ಮತ್ತು ಹೆತ್ತ ಅಪ್ಪನಿಗೆ ಸುದ್ದಿಯಿಲ್ಲ. ಫೋನಿನಲ್ಲಿ ಕೇಳೋಣವೆಂದರೆ ನಮ್ಮ ಮಾತು "ಊಟ ಆಯ್ತಾ", "ಹ್ಞೂಂ", "ಸರಿ" ಎಂಬಲ್ಲಿಗೆ ಮಂಗಳ ಹಾಡುತ್ತದೆ. ಅದಕ್ಕೇ ಈ ಪತ್ರ. ಇದರ ಮಧ್ಯೆ ನೀನು ಫೋನ್ ಇಡಲಾರೆ.

ನನಗೆ ತಿಳಿಯಬೇಕಾದದ್ದು ಒಂದೇ. ಮೂವತ್ತೆಂಟು ವರ್ಷ ರಂಗದ ಮೇಲೆ ನಿಂತವನು ನಾನು. ಜನ ನನ್ನನ್ನು ಬೈಯುತ್ತಾರೆ, ಖಳನಾಯಕನಲ್ಲವೇ. ಆದರೆ ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ನಿನಗೆ ಯಾರು ತಟ್ಟುತ್ತಾರೆ ಮಗಳೇ? ಎರಡೂ ಕಡೆಯವರು ಬೈಯುವ ಪಾರ್ಟನ್ನು ಹುಡುಕಿ ಹುಡುಕಿ ತೆಗೆದುಕೊಂಡೆಯಲ್ಲ, ಯಾಕೆ?

ಉತ್ತರಕ್ಕೆ ಕಾದಿರುವ,
ನಿನ್ನ ಅಪ್ಪ


ಜೂನ್ ೨೪

ಅಪ್ಪಾ,

ನಿಮ್ಮ ಪತ್ರ ಅಂಗಡಿಗೆ ಬಂತು. ಲಕೋಟೆಯ ಮೇಲಿನ ಬರಹ ನೋಡಿ ನಮ್ಮ ಮಾಲೀಕರು, "ನಮ್ಮ ಕಣ್ಣು ಪರೀಕ್ಷೆಯ ಹಲಗೆಯ ಮೊದಲನೇ ಸಾಲಿನಲ್ಲೂ ಇಷ್ಟು ದಪ್ಪ ಅಕ್ಷರ ಇಲ್ವಲ್ಲಮ್ಮ" ಅಂದರು.

ನಾನು ಹೇಳಲಿಲ್ಲ, ನಿಜ. ನೀವು ಕೇಳಲೂ ಇಲ್ಲ.

ಚಪ್ಪಾಳೆ ಯಾರೂ ತಟ್ಟುವುದಿಲ್ಲ. "ಕನ್ನಡಕ ಹಾಕ್ಕೊಳ್ಳಮ್ಮಾ!" ಎಂದು ಪ್ರತಿ ವಾರ ಕೂಗುತ್ತಾರೆ. ಹಾಗೆ ಕೂಗಿದವರಲ್ಲಿ ಇಬ್ಬರು ಸೋಮವಾರ ನನ್ನ ಹತ್ತಿರವೇ ಕಣ್ಣು ತೋರಿಸಲು ಬಂದಿದ್ದರು. ಒಬ್ಬರಿಗೆ ಬಲಗಣ್ಣಿನಲ್ಲಿ ಮೈನಸ್ ನಾಲ್ಕು ಇತ್ತು. ಗಾಜು ಉಜ್ಜಿ ಕೊಟ್ಟೆ.

ನೀವು ಕೇಳಿದ್ದರಿಂದ ಹೇಳುತ್ತೇನೆ. ಇದರಲ್ಲಿ ಐದು ದರ್ಜೆಗಳಿವೆ. ಐದನೆಯದರಲ್ಲಿ ಮಕ್ಕಳ ಪಂದ್ಯ. ನಿಯಮದ ಪರೀಕ್ಷೆ ಬರೆದು, ಓಟ ಪಾಸಾದವರಿಗೆಲ್ಲ ಅಲ್ಲಿ ಸೀಟಿ ಕೊಡುತ್ತಾರೆ. ನಾಲ್ಕರಲ್ಲಿ ಶಾಲೆಯ ಹುಡುಗರು. ಮೂರರಲ್ಲಿ ಊರಿನ ಕ್ಲಬ್ಬುಗಳು, ಅಂದರೆ ವಾರವಿಡೀ ಬೇರೆ ಕೆಲಸ ಮಾಡಿ ಭಾನುವಾರ ಒದೆಯುವ ಕಮ್ಮಾರ, ಕಂಡಕ್ಟರ್, ದಂತವೈದ್ಯ. ನಾನು ನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಎರಡಕ್ಕೆ ಹೋದರೆ ಬೇರೆ ಊರುಗಳ ಲೀಗ್. ಹುಲ್ಲಿನ ಮೈದಾನ, ಜೊತೆಗೆ ಗೆರೆಯಲ್ಲಿ ಬಾವುಟ ಹಿಡಿಯಲು ತರಬೇತಿ ಪಡೆದ ಇಬ್ಬರು ಲೈನ್ಸ್‌ಮನ್. ಒಂದನೆಯವರು ಟಿವಿಯಲ್ಲಿ ಬರುತ್ತಾರೆ.

ಮೂರರಿಂದ ಎರಡಕ್ಕೆ ಏರಲು ಒಂದು ಋತುವಿನಲ್ಲಿ ಐದು ಪಂದ್ಯಗಳನ್ನು ಪರೀಕ್ಷಕರು ಬಂದು ನೋಡಿ ಅಂಕ ಹಾಕುತ್ತಾರೆ. ಹತ್ತಕ್ಕೆ ಇಷ್ಟು ಎಂದು. ಐದರ ಸರಾಸರಿ ೮.೨ ಇರಬೇಕು. ನನಗೆ ಮಾರ್ಚಿಗೆ ಮೂವತ್ತೈದು ತುಂಬುತ್ತದೆ. ಮೂವತ್ತೈದಾದ ಮೇಲೆ ಎರಡನೇ ದರ್ಜೆಗೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಇದೇ ಕೊನೆಯ ಸಲ.

ಮೊದಲ ಪಂದ್ಯ ಮುಗಿಯಿತು. ೮.೧ ಬಂತು. ಪರೀಕ್ಷಕರು ನಿವೃತ್ತ ಲೆಕ್ಕದ ಮೇಷ್ಟ್ರು. ಮಳೆಯಿರಲಿ ಬಿಸಿಲಿರಲಿ ಮಡಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದರಿಂದ ನಾವು ಅವರನ್ನು ಕೊಡೆ ಮೇಷ್ಟ್ರು ಅನ್ನುತ್ತೇವೆ. ಪಂದ್ಯವಾದ ಮೇಲೆ ಡ್ರೆಸಿಂಗ್ ರೂಮಿಗೆ ಬಂದು ಅವರು ಆಡಿದ್ದು ಒಂದೇ ಮಾತು. "ನಿಮ್ಮ ಸೀಟಿ ಎಲ್ಲದಕ್ಕೂ ಒಂದೇ ದನಿ. ಥ್ರೋ-ಇನ್ನಿಗೂ ಅದೇ, ಕಾಲು ಮುರಿಯೋ ಫೌಲಿಗೂ ಅದೇ. ಆಟಗಾರರಿಗೆ ನಿಮ್ಮ ಮನಸ್ಸು ಹೇಗೆ ಗೊತ್ತಾಗ್ಬೇಕು?"

ದನಿಯ ವಿಷಯ ನಿಮಗೆ ಗೊತ್ತಿರುತ್ತದೆ ಎಂದು ಕೇಳುತ್ತಿದ್ದೇನೆ. ಬೇರೆ ಕಾರಣವಿಲ್ಲ.

ಮಗಳು


ಜುಲೈ ೩

ನನ್ನ ಮಗಳೇ! ನನ್ನ ಬಂಗಾರವೇ!

ಬೇರೆ ಕಾರಣವಿಲ್ಲವಂತೆ! ಇರಲಿ. ದನಿ ಕೇಳಿದೆಯಲ್ಲ, ಸಾಕು. ಭಂಡಾರದ ಬಾಗಿಲು ತೆರೆದಿದ್ದೇನೆ, ಬಾಚಿಕೋ.

ಕೇಳು. ನಮ್ಮ ನಾಟಕದಲ್ಲಿ "ಯಾರಲ್ಲಿ?" ಎಂಬ ಒಂದು ಮಾತು ಬರುತ್ತದೆ. ಅದನ್ನು ನಾನು ಮೂರು ರೀತಿ ಅನ್ನುತ್ತೇನೆ. ಸೇವಕನನ್ನು ಕರೆಯುವಾಗ ತುಟಿಯ ತುದಿಯಿಂದ, ಚಿಟಿಕೆ ಹೊಡೆದ ಹಾಗೆ. ಅನುಮಾನ ಬಂದಾಗ ಗಂಟಲಿನಿಂದ, ಸ್ವಲ್ಪ ಎಳೆದು. ಶತ್ರು ಮನೆಯೊಳಗೆ ಹೊಕ್ಕಾಗ? ಹೊಕ್ಕುಳಿನಿಂದ, ಮಗಳೇ, ಹೊಕ್ಕುಳಿನಿಂದ! ಹಿಂದಿನ ಬೆಂಚಿನವನ ಕೈಯಲ್ಲಿದ್ದ ಕಡಲೆ ಉದುರಬೇಕು.

ಸೀಟಿಯೂ ಹಾಗೆಯೇ. ಚೆಂಡು ಗೆರೆ ದಾಟಿದರೆ ನಾಲಿಗೆಯ ತುದಿಯಿಂದ ಒಂದು ಚುಟುಕು. ತಳ್ಳಾಟಕ್ಕೆ ಕೊಂಚ ಗಟ್ಟಿ. ಯಾರಾದರೂ ಇನ್ನೊಬ್ಬನ ಕಾಲು ಮುರಿಯಲು ಹೋದರೆ ಹೊಟ್ಟೆಯಲ್ಲಿರುವ ಗಾಳಿಯನ್ನೆಲ್ಲ ಕೊಡು. ಮತ್ತೆ ಒಂದು ಗುಟ್ಟು: ದೊಡ್ಡ ದನಿಯ ಹಿಂದೆಯೇ ಮಾತಾಡಬೇಡ. ಒಂದು ಉಸಿರು ನಿಲ್ಲು. ಜನರ ಬಾಯಿ ಮುಚ್ಚಿಸುವುದು ದನಿಯಲ್ಲ, ದನಿಯಾದ ಮೇಲಿನ ಆ ಒಂದು ಉಸಿರು.

ನಿನ್ನೆ ತಾಲೀಮಿನಲ್ಲಿ ಸೀಟಿಯೊಂದನ್ನು ತರಿಸಿ ಎಲ್ಲರಿಗೂ ಊದಿ ತೋರಿಸಿದೆ. ನಮ್ಮ ರಾಜಕುಮಾರಿಯ ಪಾರ್ಟಿನವಳು, "ಅಣ್ಣೋರೇ, ನಾವೇನು ಬಸ್ ಹತ್ತಬೇಕಾ, ಇಳೀಬೇಕಾ?" ಅಂದಳು. ಕಲೆಯ ಗಂಧವಿಲ್ಲದವಳು.

ನಿನ್ನ ದನಿಯಲ್ಲಿ ಪಾಲು ಸಿಕ್ಕಿತೆಂದು ಹಿಗ್ಗಿರುವ,
ಅಪ್ಪ


ಸೆಪ್ಟೆಂಬರ್ ೧೪

ಅಪ್ಪಾ,

ತಡವಾಯಿತು. ಅಂಗಡಿಯಲ್ಲಿ ಗಾಜು ಕತ್ತರಿಸುವ ಯಂತ್ರ ಕೆಟ್ಟು ಎಲ್ಲವನ್ನೂ ಕೈಯಲ್ಲೇ ಉಜ್ಜಬೇಕಾಯಿತು.

ನೀವು ಹೇಳಿದ ಒಂದು ಉಸಿರು ಕೆಲಸ ಮಾಡಿತು. ಕಮ್ಮಾರರ ಹಳದಿ ತಂಡದ ಪಂದ್ಯದಲ್ಲಿ ಇಬ್ಬರು ಎದೆಗೆ ಎದೆ ಕೊಟ್ಟು ನಿಂತಿದ್ದರು. ಉದ್ದಕ್ಕೆ ಊದಿ ಸುಮ್ಮನೆ ನಿಂತೆ. ಅವರೇ ಬಿಟ್ಟರು. ಆ ಎರಡನೇ ಪಂದ್ಯಕ್ಕೆ ೮.೩ ಬಂತು. ಮೂರನೆಯದು ೮.೨.

ಆದರೆ ಕೊಡೆ ಮೇಷ್ಟ್ರು ಇನ್ನೊಂದು ವಿಷಯ ಹಿಡಿದರು. ಎರಡನೇ ಪಂದ್ಯದ ನಂತರ ನನ್ನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಎರಡು ನೀರಿನ ಬಾಟಲಿಗಳನ್ನು ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದರು. ಅವುಗಳ ನಡುವೆ ಒಂದು ಗೇಣು ಜಾಗ ಇತ್ತು. "ಇವರಿಬ್ಬರು ಆಟಗಾರರು. ಇವನು ಅವನನ್ನ ಮುಟ್ಟಿದನೋ ಇಲ್ಲವೋ, ಹೇಳಿ" ಅಂದರು. ನಾನು ನಿಂತಲ್ಲಿಂದ ಒಂದೇ ಬಾಟಲಿ ಕಾಣುತ್ತಿತ್ತು. ಇನ್ನೊಂದು ಅದರ ಹಿಂದೆ ಮರೆಯಾಗಿತ್ತು. "ಹತ್ತಿರ ಬನ್ನಿ" ಅಂದರು. ಹೋದೆ. ಆಗಲೂ ಒಂದೇ. "ಹತ್ತಿರ ಇದ್ದರೆ ಕಾಣತ್ತೆ ಅಂದ್ಕೊಂಡಿದೀರಿ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ." ಹೋದೆ. ನಡುವಿನ ಗೇಣು ಜಾಗ ಬಾಗಿಲು ತೆರೆದ ಹಾಗೆ ಕಂಡಿತು.

"ರೆಫರಿ ಚೆಂಡಿನ ಹಿಂದೆ ಓಡೋನಲ್ಲ. ಆ ಸಂದಿನ ಹಿಂದೆ ಓಡೋನು" ಅಂದರು. ಆರು ವರ್ಷದಿಂದ ನಾನು ತಪ್ಪು ವಸ್ತುವಿನ ಹಿಂದೆ ಓಡಿದ್ದೆ.

ಈಗ ಅಂಗಡಿಯಲ್ಲಿ ಗಿರಾಕಿಗಳು ಸಾಲಾಗಿ ನಿಂತರೂ ಅವರ ನಡುವಿನ ಸಂದು ನೋಡುತ್ತೇನೆ. ಮಾಲೀಕರು ಎರಡು ಸಲ ಬೈದರು.

ಮಗಳು


ಅಕ್ಟೋಬರ್ ೨

ಮಗಳೇ,

ನಿನ್ನ ಪತ್ರವನ್ನು ವೇಷದ ಪೆಟ್ಟಿಗೆಯ ಮೇಲೆ ಕುಳಿತು ಮೂರು ಸಲ ಓದಿದೆ. ಆಮೇಲೆ ಎರಡು ಬಾಟಲಿ ತಂದು ಖಾಲಿ ರಂಗದ ಮೇಲೆ ಇಟ್ಟೆ. ಮುಂದೆ ಹೋದೆ, ಹಿಂದೆ ಬಂದೆ, ಪಕ್ಕಕ್ಕೆ ಸರಿದೆ. ಸಂದು ಕಂಡಾಗ ಮೈ ಜುಮ್ಮೆಂದಿತು ಕಣೇ!

ಮೂವತ್ತೆಂಟು ವರ್ಷ. ರಂಗದ ಮೇಲೆ ಎಲ್ಲಿ ನಿಂತರೆ ನಾನು ಚೆನ್ನಾಗಿ ಕಾಣುತ್ತೇನೆ ಎಂಬುದನ್ನು ಬಿಟ್ಟು ಬೇರೆ ಯೋಚಿಸಿದವನಲ್ಲ. ನಾಯಕನನ್ನು ಭುಜದಿಂದ ತಳ್ಳಿ ದೀಪದಡಿ ನಿಂತಿದ್ದೇನೆ. ಎಲ್ಲಿ ನಿಂತರೆ ನನಗೆ ಕಾಣುತ್ತದೆ ಎಂದು ಒಬ್ಬ ಗುರುವೂ ನನಗೆ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ಕೊಡೆಯ ಮುದುಕನಿಗೆ ಈ ಕಂಪನಿಯ ಪರವಾಗಿ ಒಂದು ಸಲಾಮು ಹೇಳು.

ಇನ್ನೆರಡು ಪಂದ್ಯ. ಸರಾಸರಿಯನ್ನು ಬಣ್ಣದ ಕೋಣೆಯ ಕನ್ನಡಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ದ್ವಾರಪಾಲಕನ ಪಾರ್ಟಿನವನು ದಿನಾ ಬಂದು "ಎಷ್ಟಾಯ್ತು?" ಎಂದು ಕೇಳಿಹೋಗುತ್ತಾನೆ.

ಒಂದು ಬುದ್ಧಿಮಾತು ಇಟ್ಟುಕೋ, ಇದು ನಮ್ಮ ಕಸುಬಿನ ಮೂಲಮಂತ್ರ. ತಪ್ಪಾದರೆ ಮುಖದಲ್ಲಿ ತೋರಿಸಬೇಡ. ಮುಂದಕ್ಕೆ ನಡೆ. ಒಮ್ಮೆ ದರ್ಬಾರಿನ ದೃಶ್ಯದಲ್ಲಿ ನನ್ನ ಅಂಟುಮೀಸೆ ಕಳಚಿ ಬಿತ್ತು. "ನೋಡಿದಿರಾ, ನನ್ನ ಕೋಪದ ಬೆಂಕಿಗೆ ನನ್ನ ಮೀಸೆಯೇ ನಿಲ್ಲಲಾರದು!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಪ್ರೇಕ್ಷಕನಿಗೆ ಗೊತ್ತಾಗದ ತಪ್ಪು ತಪ್ಪೇ ಅಲ್ಲ ಮಗಳೇ.

ನಾನು ಬಂದು ನೋಡಬೇಕೆಂಬ ಆಸೆ. ಆದರೆ ನಿನಗೆ ಗೊತ್ತಲ್ಲ, ಇಲ್ಲಿ ದಿನವೂ ಆಟ.

ಅಪ್ಪ


ಅಕ್ಟೋಬರ್ ೨೦

ಅಪ್ಪಾ,

ನಾಲ್ಕನೆಯದು ೮.೪. ಕೊನೆಯ ಪಂದ್ಯದಲ್ಲಿ ಬರೀ ೮ ಬಂದರೆ ಸಾಕು. ನವೆಂಬರ್ ಹದಿನಾರು. ಹಳದಿ ತಂಡ, ನೀಲಿ ತಂಡ. ಕೊಡೆ ಮೇಷ್ಟ್ರೇ ಬರುತ್ತಾರೆ.

ನೀವು ಬರಲಾಗುವುದಿಲ್ಲ ಎಂದು ನನಗೆ ಗೊತ್ತು. ಯಾವ ಕಾರಣಕ್ಕೂ ಆಟ ಬಿಟ್ಟು ಬರುವ ಅಭ್ಯಾಸ ನಿಮ್ಮ ಕಂಪನಿಗಿಲ್ಲ. ಅದನ್ನು ಒಂಬತ್ತು ವರ್ಷದ ಹಿಂದೆಯೇ ನೋಡಿದ್ದೇನೆ.

ಈ ಸಾಲನ್ನು ಹೊಡೆದುಹಾಕಬೇಕೆಂದಿದ್ದೆ. ಇರಲಿ.

ಮಗಳು


ನವೆಂಬರ್ ೧೮

ಅಪ್ಪಾ,

ಫೋನಿನಲ್ಲಿ ಹೇಳಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರುನೂರು ಜನ ಇದ್ದರು. ಮೂರನೇ ದರ್ಜೆಯಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ಗೆದ್ದ ತಂಡ ಮೇಲಿನ ಲೀಗಿಗೆ ಹೋಗುತ್ತದೆ. ಸಮವಾದರೂ ನೀಲಿಯವರಿಗೆ ಸಾಕು. ಎಂಬತ್ತನಾಲ್ಕನೇ ನಿಮಿಷದವರೆಗೆ ಇಬ್ಬರಿಗೂ ಒಂದೊಂದು ಗೋಲು. ನಾನು ಚೆನ್ನಾಗಿ ಮಾಡುತ್ತಿದ್ದೆ. ನನಗೇ ಗೊತ್ತಾಗುತ್ತಿತ್ತು. ಸಂದುಗಳೆಲ್ಲ ಕಾಣುತ್ತಿದ್ದವು.

ಆಗ ನೀಲಿಯವನೊಬ್ಬ ಹಳದಿಯವನ ಮುಖದೆತ್ತರಕ್ಕೆ ಕಾಲು ಎತ್ತಿದ. ತಾಗಲಿಲ್ಲ. ತಾಗಿದ್ದರೆ ಹಳದಿಯವರು ನೇರವಾಗಿ ಗೋಲಿಗೆ ಹೊಡೆಯಬಹುದಾದ ಫ್ರೀ ಕಿಕ್. ತಾಗದೆ ಬರೀ ಅಪಾಯವಾಗಿದ್ದರೆ ಪರೋಕ್ಷ ಕಿಕ್. ಅಂದರೆ ಒಬ್ಬ ಒದ್ದ ಚೆಂಡು ಇನ್ನೊಬ್ಬ ಆಟಗಾರನಿಗೆ ತಗುಲಿದ ಮೇಲೆ ಗೋಲು ಸೇರಿದರೆ ಮಾತ್ರ ಲೆಕ್ಕ. ಇದು ಪರೋಕ್ಷ ಎಂದು ತಿಳಿಸಲು ರೆಫರಿ ಒಂದು ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಎರಡನೆಯವನಿಗೆ ಚೆಂಡು ತಗುಲುವವರೆಗೂ ಇಳಿಸಬಾರದು. ಐದನೇ ದರ್ಜೆಯ ಮೊದಲ ದಿನ ಕಲಿಸುವ ಪಾಠ ಅದು.

ನಾನು ಊದಿದೆ. ಮನಸ್ಸಿನಲ್ಲಿ ಪರೋಕ್ಷ ಎಂದೇ ಇತ್ತು. ಆದರೆ ನಾಲ್ಕನೇ ಪಂದ್ಯದಲ್ಲಿ ಗೋಡೆ ಕಟ್ಟಿ ನಿಲ್ಲುವ ಆಟಗಾರರನ್ನು ಸರಿಯಾದ ದೂರಕ್ಕೆ ಸರಿಸಲಿಲ್ಲ ಎಂದು ಅರ್ಧ ಅಂಕ ಹೋಗಿತ್ತು. ಆ ಅರ್ಧ ಅಂಕ ತಲೆಯಲ್ಲಿ ಕೂತಿತ್ತು. ಕೊಡೆ ಮೇಷ್ಟ್ರಿಗೆ ಕಾಣಲಿ ಎಂದು ಒಂದೊಂದು ಹೆಜ್ಜೆ ಎಣಿಸಿ, ಗೋಡೆಯನ್ನು ಹಿಂದಕ್ಕೆ ತಳ್ಳಿ, ಬಹಳ ಅಚ್ಚುಕಟ್ಟಾಗಿ ನಿಲ್ಲಿಸಿದೆ. ಕೈ ಎತ್ತಲು ಮರೆತೆ.

ಹಳದಿಯವನು ಒದ್ದ. ಚೆಂಡು ಯಾರಿಗೂ ತಗುಲದೆ ನೇರವಾಗಿ ಬಲೆಯೊಳಗೆ ಹೋಯಿತು.

ಮೈದಾನ ಎದ್ದು ನಿಂತಿತು. ನೀಲಿಯವರೂ ತಕರಾರು ಮಾಡಲಿಲ್ಲ. ನನ್ನ ಕೈ ಕೆಳಗಿದ್ದುದರಿಂದ ಅದು ನೇರ ಕಿಕ್ ಎಂದೇ ಎಲ್ಲರೂ ತಿಳಿದಿದ್ದರು. ಮೇಷ್ಟ್ರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಗೋಲು ಎಂದು ನಡುಗೆರೆಯ ಕಡೆ ಕೈ ತೋರಿಸಿದ್ದರೆ ಮುಗಿಯುತ್ತಿತ್ತು. ಅಲ್ಲಿದ್ದ ಆರುನೂರು ಜನರಲ್ಲಿ ಅದು ಪರೋಕ್ಷ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನೀವು ಬರೆದ ಮೂಲಮಂತ್ರ ಆಗ ನೆನಪಾಯಿತು ಅಪ್ಪಾ. ಪ್ರೇಕ್ಷಕನಿಗೆ ಗೊತ್ತಾಗದ ತಪ್ಪು. ಎಷ್ಟು ಹೊತ್ತು ನಿಂತೆನೋ. ನೋಡಿದವರು ಮೂರು ಸೆಕೆಂಡು ಅನ್ನುತ್ತಾರೆ.

ಸೀಟಿ ಊದಿದೆ. ಎರಡೂ ತಂಡದ ನಾಯಕರನ್ನು ಕರೆದು, "ಗೋಲು ಇಲ್ಲ. ಅದು ಪರೋಕ್ಷ ಕಿಕ್. ನಾನು ಕೈ ಎತ್ತಲಿಲ್ಲ, ತಪ್ಪು ನನ್ನದು. ಕೈ ಎತ್ತದೆ ಇದ್ದಾಗ ಚೆಂಡು ನೇರ ಒಳಗೆ ಹೋದರೆ ಮತ್ತೆ ಒದೆಯಬೇಕು ಅಂತ ನಿಯಮ" ಎಂದೆ.

ಹಳದಿ ತಂಡದ ತರಬೇತುದಾರ, ಅವನೂ ಕಮ್ಮಾರನೇ, ಗೆರೆ ದಾಟಿ ಓಡಿಬಂದ. "ತಪ್ಪು ನಿಮ್ಮದು, ಗೋಲು ಹೋಗೋದು ನಮ್ಮದಾ? ಇದ್ಯಾವ ನ್ಯಾಯ ಕಣಮ್ಮಾ?"

"ಹೌದು, ನನ್ನ ತಪ್ಪಿಗೆ ನಿಮ್ಮ ಗೋಲು ಹೋಯ್ತು. ನಿಮ್ಮ ಕೋಪ ಸರಿ. ಗೆರೆ ಆಚೆ ಹೋಗಿ" ಎಂದೆ.

ಮತ್ತೆ ಒದೆಸಿದೆ. ಈ ಸಲ ಕೈ ಎತ್ತಿದ್ದೆ. ಹಳದಿಯವರಲ್ಲಿ ಒಬ್ಬ ಚೆಂಡು ತಳ್ಳಿಕೊಟ್ಟ, ಇನ್ನೊಬ್ಬ ಹೊಡೆದ. ನೀಲಿಯವರ ಗೋಲಿ, ಅಂದರೆ ಗೋಲು ಕಾಯುವವನು, ಹಿಡಿದ. ಪಂದ್ಯ ಸಮವಾಯಿತು. ಹಳದಿಯವರ ಮೇಲಿನ ಲೀಗ್ ತಪ್ಪಿಹೋಯಿತು.

ನೀರಿನ ಬಾಟಲಿಗಳು ಬಂದು ಬಿದ್ದವು. ಒಂದು ಹೆಗಲಿಗೆ ತಾಗಿತು. ನೋವಿಲ್ಲ.

ಮಗಳು


ಡಿಸೆಂಬರ್ ೧೨

ಅಪ್ಪಾ,

ನಿಮ್ಮಿಂದ ಉತ್ತರ ಬಂದಿಲ್ಲ. ನೀವು ಇಷ್ಟು ದಿನ ಸುಮ್ಮನಿದ್ದದ್ದು ನನಗೆ ನೆನಪಿಲ್ಲ. ಬೇಸರವಾಗಿರಬೇಕು.

ಫಲಿತಾಂಶ ಬಂತು. ನಿಯಮದ ತಪ್ಪಾದರೆ ೭.೯ಕ್ಕಿಂತ ಹೆಚ್ಚು ಹಾಕುವಂತಿಲ್ಲ. ೭.೯ ಹಾಕಿದ್ದಾರೆ. ಐದರ ಸರಾಸರಿ ೮.೧೮. ಎರಡನೇ ದರ್ಜೆ ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಕನ್ನಡಿಯ ಮೇಲಿನದನ್ನು ಅಳಿಸಿಬಿಡಿ. ದ್ವಾರಪಾಲಕರಿಗೂ ಹೇಳಿ.

ಆ ದಿನ ಪಂದ್ಯವಾದ ಮೇಲೆ ನಡೆದದ್ದನ್ನು ಹೋದ ಪತ್ರದಲ್ಲಿ ಬರೆದಿರಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಒಂದು ಬೆಂಚು, ಸೋರುವ ನಲ್ಲಿ, ನಾನು. ಕೊಡೆ ಮೇಷ್ಟ್ರು ಬಂದು ಎದುರಿಗೆ ಕುಳಿತು ಫಾರಂ ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ನಾನು ಅದನ್ನ ನೇರ ಕಿಕ್ ಅಂತಲೇ ಬರ್ಕೊಂಡಿದ್ದೆ. ನೀವು ಬಾಯಿ ಬಿಡದೆ ಇದ್ದಿದ್ರೆ ಎಂಟೂವರೆ ಹಾಕ್ತಿದ್ದೆ" ಅಂದರು.

"ಗೊತ್ತು ಸರ್" ಅಂದೆ.

"ಈಗ ಏಳು ಒಂಬತ್ತು ಹಾಕ್ಬೇಕು."

"ಗೊತ್ತು ಸರ್."

ಹಾಕಿದರು. ಆಮೇಲೆ ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಓಟಕ್ಕೆ ಒಂದು ಕಾಲಂ ಇದೆ, ನಿಯಮಕ್ಕೆ ಒಂದು, ನಿಲುವಿಗೆ ಒಂದು, ಕಾರ್ಡಿಗೆ ಒಂದು. "ಇಪ್ಪತ್ತಾರು ವರ್ಷ ಆಯ್ತು ಅಂಕ ಹಾಕೋಕೆ ಶುರು ಮಾಡಿ. ಇವತ್ತು ನೋಡಿದ್ದನ್ನ ಎಲ್ಲಿ ಬರೀಬೇಕು ಅಂತ ಗೊತ್ತಾಗ್ತಿಲ್ಲ. ಇದರಲ್ಲಿ ಜಾಗ ಇಲ್ಲ" ಅಂದರು.

ನಾನು ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳುವವರೆಗೆ ಅವರು ಎದ್ದು ನಿಂತೇ ಇದ್ದರು. ಆಮೇಲೆ ನನ್ನ ಕಿಟ್ ಚೀಲವನ್ನು ಹೆಗಲಿಗೇರಿಸಿಕೊಂಡು ಗೇಟಿನವರೆಗೆ ನಡೆದರು. ಎಪ್ಪತ್ತೊಂದು ವರ್ಷದವರು, ಬೇಡ ಎಂದರೂ ಕೊಡಲಿಲ್ಲ. ಗೇಟಿನಲ್ಲಿ ಕಮ್ಮಾರ ನಿಂತಿದ್ದ. ಹೊಡೆಯುತ್ತಾನೇನೋ ಅಂದುಕೊಂಡೆ. ನನ್ನನ್ನು ನೋಡಿದ, ಚೀಲ ಹೊತ್ತ ಮೇಷ್ಟ್ರನ್ನು ನೋಡಿದ, ದಾರಿ ಬಿಟ್ಟ. ಅವನ ಕೋಪ ಇಳಿದಿರಲಿಲ್ಲ. ಆದರೂ ದಾರಿ ಬಿಟ್ಟ.

ಅತ್ತದ್ದು ಮನೆಗೆ ಬಂದ ಮೇಲೆ. ಎರಡನೇ ದರ್ಜೆಯ ಬ್ಯಾಡ್ಜನ್ನು ಎಲ್ಲಿ ಹೊಲಿಯಬೇಕೆಂದು ಅಂಗಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೆ. ಒಗೆದರೆ ಹೋಗುತ್ತದೆ.

ಮೂರನೇ ದರ್ಜೆಗೆ ವಯಸ್ಸಿನ ಮಿತಿಯಿಲ್ಲ. ಮಂಡಿ ಇರುವವರೆಗೆ ಊದಬಹುದು. ಜನವರಿಯ ನಾಲ್ಕು ಭಾನುವಾರವೂ ಮಕ್ಕಳ ಪಂದ್ಯಗಳಿವೆ. ಜನ ಕಡಿಮೆ ಎಂದು ನನ್ನನ್ನೇ ಕರೆದಿದ್ದಾರೆ.

ಮಗಳು


ಜನವರಿ ೧೪

ಮಗಳೇ,

ಇದು ಏಳನೇ ಹಾಳೆ. ಆರನ್ನು ಹರಿದೆ. ಮೊದಲನೆಯದರಲ್ಲಿ ಗುಡುಗಿದ್ದೆ, ಎರಡನೆಯದರಲ್ಲಿ ನಿನ್ನ ಅಂಕ ಕಳೆದವರ ವಂಶವನ್ನೆಲ್ಲ ಶಪಿಸಿದ್ದೆ. ಓದಿದಾಗ ಎಲ್ಲವೂ ಯಾರೋ ಬರೆದುಕೊಟ್ಟ ಡೈಲಾಗಿನ ಹಾಗೆ ಕೇಳಿಸಿತು. ಇದರಲ್ಲಿ ಅದ್ಯಾವುದೂ ಇಲ್ಲ.

ಕಂಪನಿಯ ಯಜಮಾನನ ಹತ್ತಿರ ಹೋಗಿ ಎರಡು ದಿನದ ರಜೆ ಕೇಳಿದೆ. ಅವನು ಎಲೆಕ್ಟ್ರಿಕ್ ಬಿಲ್ಲು ನೋಡುತ್ತಿದ್ದವನು ತಲೆಯೆತ್ತಿ, "ಯಾರಾದ್ರೂ ಹೋಗ್ಬಿಟ್ರಾ?" ಎಂದು ಗಾಬರಿಯಿಂದ ಕೇಳಿದ. "ಇಲ್ಲ. ಒಂಬತ್ತು ವರ್ಷದ ಹಿಂದೆ ನನ್ನವಳು ಹೋದಾಗ ಕೇಳ್ಬೇಕಾಗಿದ್ದ ರಜೆ, ಈಗ ಕೇಳ್ತಿದೀನಿ" ಅಂದೆ. ಅವನು ನನ್ನ ಪಾರ್ಟನ್ನು ದ್ವಾರಪಾಲಕನಿಗೆ ಕೊಟ್ಟ. ನಿನ್ನ ಅಮ್ಮನಿಗೆ ಇದನ್ನು ಹೇಳುವ ದಾರಿ ನನಗಿಲ್ಲ. ನಿನಗೆ ಹೇಳುತ್ತಿದ್ದೇನೆ.

ಹೋದ ಭಾನುವಾರ ಬೆಳಿಗ್ಗೆ ನಿನ್ನ ಮೈದಾನಕ್ಕೆ ಬಂದಿದ್ದೆ. ಬಸ್ಸಿಳಿದು ಅಲ್ಲಿಗೆ ತಲುಪುವಷ್ಟರಲ್ಲಿ ಆಟ ಶುರುವಾಗಿತ್ತು. ಗೋಲಿನ ಬಲೆಯ ಹಿಂದೆ ನಿಂತೆ, ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು. ನೋಡಲು ಇದ್ದವರು ಹತ್ತೋ ಹನ್ನೆರಡೋ ಜನ, ಎಲ್ಲ ಅಪ್ಪ ಅಮ್ಮಂದಿರು. ಒಬ್ಬಾಕೆ ಚಹಾದ ಫ್ಲಾಸ್ಕ್ ತಂದಿದ್ದಳು.

ನೀನು ಇಷ್ಟು ಓಡುತ್ತೀಯೆಂದು ನನಗೆ ಗೊತ್ತಿರಲಿಲ್ಲ ಮಗಳೇ. ಮಕ್ಕಳೆಲ್ಲ ಚೆಂಡಿನ ಹಿಂದೆ ಜೇನುನೊಣದಂತೆ ಗುಂಯ್ ಎಂದು ಹೋಗುತ್ತಿದ್ದರು. ನೀನು ಮಾತ್ರ ಬೇರೆ ಯಾವುದೋ ಕಡೆ ಹೋಗುತ್ತಿದ್ದೆ. ಒಂದು ಕ್ಷಣದ ನಂತರ ಚೆಂಡೂ ಅಲ್ಲಿಗೇ ಬರುತ್ತಿತ್ತು!

ನಾನು ನಿಂತ ಕಡೆಯ ಪುಟ್ಟ ಗೋಲಿ, ಅವನ ಕೈಗವಸು ಅವನಿಗಿಂತ ದೊಡ್ಡದು, ತನ್ನ ತಂಡದವನೇ ಕಾಲಲ್ಲಿ ತಳ್ಳಿದ ಚೆಂಡನ್ನು ಕೈಯಲ್ಲಿ ಎತ್ತಿಕೊಂಡುಬಿಟ್ಟ. ನೀನು ಊದಿದೆ. ಸಣ್ಣ ದನಿ, ನಾಲಿಗೆಯ ತುದಿಯದು. ಏನು ತಪ್ಪಾಯಿತೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಫ್ಲಾಸ್ಕಿನ ತಾಯಿಯೇ, "ಅವರವರೇ ಒದ್ದು ಕೊಟ್ಟಿದ್ದನ್ನ ಗೋಲಿ ಕೈಯಲ್ಲಿ ಮುಟ್ಟಬಾರದು, ಪರೋಕ್ಷ ಕಿಕ್ಕು" ಎಂದು ಹೇಳಿಕೊಟ್ಟಳು. ಹುಡುಗನ ಕಣ್ಣಲ್ಲಿ ನೀರು. ನೀನು ಹತ್ತಿರ ಹೋಗಿ ಏನೋ ಎರಡು ಮಾತು ಹೇಳಿದೆ, ಅವನು ಮೂಗೊರೆಸಿಕೊಂಡು ಕಂಬಗಳ ನಡುವೆ ಹೋಗಿ ನಿಂತ. ಮತ್ತೆ ನೀನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಬಲಗೈಯನ್ನು ಎತ್ತಿದೆ.

ಆ ಕೈ!

ರಾಜನಾಗಿ, ರಾಕ್ಷಸನಾಗಿ, ಋಷಿಯಾಗಿ ನಾನು ಎತ್ತಿದ ಕೈಗಳಿಗೆ ಲೆಕ್ಕವಿಲ್ಲ. ಒಂದೊಂದೂ ಮೂರನೇ ಬೆಲ್ಲಿನಿಂದ ಕೊನೆಯ ಪರದೆಯವರೆಗೆ "ನನ್ನನ್ನು ನೋಡಿ, ನನ್ನನ್ನು ನೋಡಿ" ಎಂದು ಅಂಗಲಾಚಿದ ಕೈ. ನಿನ್ನ ಕೈಯನ್ನು ಅಲ್ಲಿ ಒಬ್ಬರೂ ನೋಡಲಿಲ್ಲ. ಮಕ್ಕಳು ಚೆಂಡು ನೋಡುತ್ತಿದ್ದರು, ಹೆತ್ತವರು ಮಕ್ಕಳನ್ನು ನೋಡುತ್ತಿದ್ದರು. ಚೆಂಡು ಒಬ್ಬನಿಂದ ಹೊರಟು ಇನ್ನೊಬ್ಬನಿಗೆ ತಗುಲುವವರೆಗೆ, ಆ ಚಳಿಯಲ್ಲಿ, ಬೆರಳೂ ಅಲುಗದೆ ಅದು ನಿಂತೇ ಇತ್ತು. ತಗುಲಿತು. ಇಳಿಯಿತು. ನೀನು ಓಡಿದೆ. ಅಷ್ಟೇ. ಅಷ್ಟಕ್ಕೆ ಬಲೆಯ ಕಂಬ ಹಿಡಿದುಕೊಂಡೆ. ಫ್ಲಾಸ್ಕಿನ ತಾಯಿ, "ಅಜ್ಜಾ, ಚಹಾ ಕುಡೀತೀರಾ?" ಎಂದು ಕೇಳಿದಳು.

ಆರುನೂರು ಜನರ ನಡುವೆ ಆ ಮೂರು ಸೆಕೆಂಡು ನೀನು ಹೇಗೆ ನಿಂತಿದ್ದೆಯೋ ನನಗೆ ಅಂದಾಜೂ ಸಿಗುವುದಿಲ್ಲ. ನನ್ನ ಮೂಲಮಂತ್ರವನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಮಾತಾಡಿಸದೆ ಬಂದುಬಿಟ್ಟೆ. ಬಾಯಿ ತೆರೆದಿದ್ದರೆ ಮೈದಾನವೆಲ್ಲ ನನ್ನ ದನಿಯೇ ಆಗುತ್ತಿತ್ತು. ನಿನಗೆ ಗೊತ್ತಾಗಲಿಲ್ಲವೆಂದು ಬಲ್ಲೆ. ತಪ್ಪು ತಿಳಿಯಬೇಡ.

ನಿನ್ನ
ಅಪ್ಪ


ಜನವರಿ ೧೮

ಅಪ್ಪಾ,

ನೀಲಿ ಮಫ್ಲರ್. ಗೋಲಿನ ಎಡಗಂಬದ ಹಿಂದೆ. ಹದಿನೇಳನೇ ನಿಮಿಷಕ್ಕೆ ಬಂದಿರಿ, ಆಟ ಮುಗಿಯಲು ಎರಡು ನಿಮಿಷ ಇರುವಾಗ ಹೊರಟಿರಿ. ಚಹಾ ಕುಡಿದಿರಿ. ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಿರಿ, ಬಲ ಭುಜದ ನೋವು ಇನ್ನೂ ಇದೆ ಎಂದು ಕಾಣುತ್ತದೆ. ಗೊತ್ತಾಗಲಿಲ್ಲ ಎಂದು ಹೇಗೆ ಅಂದುಕೊಂಡಿರಿ?

ಆಟ ನಿಲ್ಲಿಸಿ ಬರುವಂತಿರಲಿಲ್ಲ. ಮುಗಿದ ಮೇಲೆ ಗೇಟಿನವರೆಗೆ ಓಡಿದೆ. ಬಸ್ಸು ಹೋಗಿತ್ತು.

ಫೆಬ್ರುವರಿ ಒಂದನೇ ತಾರೀಖು, ಬೆಳಿಗ್ಗೆ ಎಂಟು ಗಂಟೆಗೆ ಇನ್ನೊಂದು ಪಂದ್ಯ. ಮಕ್ಕಳ ಆಟಕ್ಕೆ ಲೈನ್ಸ್‌ಮನ್ ಕೊಡುವುದಿಲ್ಲ. ನೋಡಲು ಬಂದ ಹಿರಿಯರಲ್ಲೇ ಯಾರಿಗಾದರೂ ಬಾವುಟ ಕೊಟ್ಟು ನಿಲ್ಲಿಸುವುದು ವಾಡಿಕೆ. ನಿಮ್ಮ ಯಜಮಾನರು ಇನ್ನೊಂದು ದಿನ ರಜೆ ಕೊಟ್ಟರೆ ಆ ಬಾವುಟ ನಿಮಗೆ. ಹಿಂದಿನ ದಿನವೇ ಬನ್ನಿ. ಅಮ್ಮನ ಕೋಣೆಯಲ್ಲಿ ಹಾಸಿಗೆ ಹಾಕಿರುತ್ತೇನೆ.

ಕೂಗುವಂತಿಲ್ಲ. ಬೈದರೆ ಬೈಸಿಕೊಳ್ಳಬೇಕು. ಚೆಂಡು ಗೆರೆಯನ್ನು ಪೂರ್ತಿ ದಾಟಿದಾಗ ಮಾತ್ರ ಬಾವುಟ ಎತ್ತಬೇಕು. ಅನುಮಾನ ಬಂದರೆ ಎತ್ತಬೇಡಿ, ನನ್ನ ಕಡೆ ನೋಡಿ. ನಾನು ನಿಮ್ಮನ್ನೇ ನೋಡುತ್ತಿರುತ್ತೇನೆ.

ನಿಮ್ಮ
ಮಗಳು